ಸೆಟೆದ ಬೆರಳಿಗೆ ಯಾವ ಪಟ್ಟಿ, ದಿನಕ್ಕೆ ಎಷ್ಟು ಹೊತ್ತು?

ಪ್ಲಾಸ್ಟರ್ ಬಿಚ್ಚಿದ ವಾರದಲ್ಲಿ ನನ್ನ ಬಳಿಗೆ ಬರುವವರ ಮಾತು ಹೆಚ್ಚುಕಡಿಮೆ ಒಂದೇ. ಮೂಳೆ ಕೂಡಿದೆ ಎಂದು ಎಕ್ಸ್‌ರೇ ನೋಡಿ ಡಾಕ್ಟರು ಹೇಳಿದ್ದಾರೆ. ಆದರೆ ಅನ್ನ ಕಲಸಲು ಹೋದರೆ ಬೆರಳು ಮಡಚುವುದಿಲ್ಲ, ಮುಖ ತೊಳೆಯಲು ಬೊಗಸೆ ಹಿಡಿದರೆ ಸಂದಿಯಲ್ಲೇ ನೀರೆಲ್ಲ ಸೋರಿಹೋಗುತ್ತದೆ. ಅದರ ಬೆನ್ನಿಗೇ ಪ್ರಶ್ನೆಗಳ ಸಾಲು: ಮೆಡಿಕಲ್ ಅಂಗಡಿಯ ಅಲ್ಯೂಮಿನಿಯಂ ಪಟ್ಟಿ ಸಾಕೇ? ಆನ್‌ಲೈನಿನಲ್ಲಿ ಕಾಣುವ ಸ್ಪ್ರಿಂಗಿನ ಸ್ಪ್ಲಿಂಟ್, ಅಂದರೆ ಬೆರಳನ್ನು ಬೇಕಾದ ಭಂಗಿಯಲ್ಲಿ ಹಿಡಿದಿಡುವ ಆಸರೆಪಟ್ಟಿ, ತರಿಸಲೇ? ಅಳತೆ ಕೊಟ್ಟು ಮಾಡಿಸಿಕೊಳ್ಳಲೇ? ಇಲ್ಲ, ಇದೆಲ್ಲ ಬಿಟ್ಟು ದಿನವೂ ಫಿಸಿಯೋಥೆರಪಿಗೆ ಹೋಗಲೇ?

ಕೈಯ ಚಿಕಿತ್ಸೆಯನ್ನೇ ಕಸುಬು ಮಾಡಿಕೊಂಡ ಆಕ್ಯುಪೇಶನಲ್ ಥೆರಪಿಸ್ಟ್ ನಾನು. ಸ್ಪ್ಲಿಂಟ್ ಮಾಡಿಕೊಟ್ಟೇ ನನ್ನ ಹೊಟ್ಟೆ ತುಂಬುವುದು. ಹಾಗಿದ್ದೂ ಬಂದವರಲ್ಲಿ ಎಷ್ಟೋ ಮಂದಿಗೆ "ನಿಮಗೆ ಇದು ಬೇಡ" ಎಂದೇ ಹೇಳಿ ಕಳುಹಿಸುತ್ತೇನೆ. ಯಾವ ಸ್ಪ್ಲಿಂಟ್ ಒಳ್ಳೆಯದು ಎಂಬ ಪ್ರಶ್ನೆಗೆ ಅದರಷ್ಟಕ್ಕೇ ಉತ್ತರವಿಲ್ಲ. ನಿಮ್ಮ ಬೆರಳಿನಲ್ಲಿ ಸಿಕ್ಕಿಕೊಂಡಿರುವುದು ಏನು, ಗಾಯವಾಗಿ ಎಷ್ಟು ವಾರವಾಯಿತು, ದಿನಕ್ಕೆ ಎಷ್ಟು ಗಂಟೆ ಅದನ್ನು ತೊಡಬಲ್ಲಿರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಕೊಳ್ಳುವ ಮೊದಲು ನೋಡಿಕೊಳ್ಳಬೇಕಾದದ್ದು

ಬೆರಳಿಗೆ ಮೂರು ಗೆಣ್ಣು. ಅಂಗೈಗೆ ಸೇರುವ ಬುಡದ ಗೆಣ್ಣು, ನಡುಗೆಣ್ಣು, ಉಗುರಿನ ಹಿಂದಿನ ತುದಿಗೆಣ್ಣು. ಊದಿದ ಕೈಯನ್ನು ಅದರ ಪಾಡಿಗೆ ಬಿಟ್ಟರೆ ಬುಡದ ಗೆಣ್ಣು ನೆಟ್ಟಗೆ ನಿಂತು ಸೆಟೆಯುತ್ತದೆ, ನಡುಗೆಣ್ಣು ಮಡಚಿಕೊಂಡು ಸೆಟೆಯುತ್ತದೆ. ಇದು ತಿಳಿದೇ ಕೈ ಶಸ್ತ್ರಚಿಕಿತ್ಸಕರು ಪ್ಲಾಸ್ಟರನ್ನು ಇದಕ್ಕೆ ತಿರುಗುಮುರುಗಾದ ಭಂಗಿಯಲ್ಲಿ ಹಾಕುವುದು. ಅಂಗೈಯನ್ನು ಮೇಜಿನ ಮೇಲಿಟ್ಟು ಬೆರಳುಗಳನ್ನಷ್ಟೇ ಅಂಚಿನಿಂದ ಕೆಳಗೆ ಇಳಿಬಿಟ್ಟರೆ ಹೇಗೋ ಹಾಗೆ: ಬುಡ ಮಡಚಿರುತ್ತದೆ, ಮುಂದಿನದೆಲ್ಲ ನೆಟ್ಟಗಿರುತ್ತದೆ. ಮೂರರಲ್ಲಿ ನಡುಗೆಣ್ಣು ಮಹಾ ಹಟಮಾರಿ. ನನ್ನ ಕೆಲಸದ ಮುಕ್ಕಾಲು ಪಾಲು ಅದರ ಜೊತೆಗೇ.

ಈಗ ಒಂದು ಪರೀಕ್ಷೆ. ಬೆರಳನ್ನು ಅದರ ಸ್ವಂತ ಬಲದಿಂದ ಎಷ್ಟಾಗುತ್ತದೋ ಅಷ್ಟು ಮಡಚಿ. ಆಮೇಲೆ ಇನ್ನೊಂದು ಕೈಯಿಂದ ಮೆಲ್ಲಗೆ ಮಡಚಿ ನೋಡಿ. ಇನ್ನೊಂದು ಕೈ ಹಿಡಿದಾಗ ಸಲೀಸಾಗಿ ಮಡಚುವ ಬೆರಳು ತಾನಾಗಿ ಮಡಚುವುದಿಲ್ಲ ಎಂದಾದರೆ ಕೀಲು ಸರಿಯಿದೆ. ಬೆರಳನ್ನು ಎಳೆಯುವ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ) ಗಾಯದ ಕಲೆಗೆ ಅಂಟಿದೆ, ಇಲ್ಲವೇ ಸ್ನಾಯುವಿನ ಬಲ ಕುಂದಿದೆ. ಅಂಥವರು ಕೀಲನ್ನು ಹಿಗ್ಗಿಸುವ ಸ್ಪ್ಲಿಂಟ್ ಕೊಂಡರೆ ದುಡ್ಡು ನೀರಿಗೆ ಹಾಕಿದಂತೆ. ಎರಡೂ ರೀತಿಯಲ್ಲಿ ಅದೇ ಜಾಗಕ್ಕೆ ಬಂದು ನಿಂತರೆ ಬಿಗಿತ ಕೀಲಿನದು. ಮೂರನೆಯ ಸಾಧ್ಯತೆಯೂ ಇದೆ. ಬುಡದ ಗೆಣ್ಣನ್ನು ನೆಟ್ಟಗೆ ಹಿಡಿದಾಗ ನಡುಗೆಣ್ಣು ಮಡಚುವುದಿಲ್ಲ, ಬುಡವನ್ನು ಮಡಚಿದರೆ ಅದೂ ಸುಲಭವಾಗಿ ಮಡಚುತ್ತದೆ ಎಂದಾದರೆ ಅಂಗೈಯೊಳಗಿನ ಸಣ್ಣ ಸ್ನಾಯುಗಳು ಬಿಗಿದಿವೆ. ಅದಕ್ಕೆ ಬೇರೆಯದೇ ವ್ಯಾಯಾಮ. ಎರಡು ನಿಮಿಷದ ಈ ಪರೀಕ್ಷೆ ಮಾಡದೆ ಕೊಂಡ ಸ್ಪ್ಲಿಂಟುಗಳು ಎಷ್ಟೋ ಮನೆಗಳ ಔಷಧಿ ಡಬ್ಬಿಯಲ್ಲಿ ಬಿದ್ದಿವೆ.

ಹೊಲಿಗೆ ಹಾಕಿದ ಸ್ನಾಯುರಜ್ಜು ಇರುವವರು, ಮೂಳೆಗೆ ತಂತಿ ಚುಚ್ಚಿಸಿಕೊಂಡವರು ಮಾತ್ರ ಈ ಪರೀಕ್ಷೆಯನ್ನು ತಾವಾಗಿ ಮಾಡಬಾರದು. ಬೆರಳು ಮಡಚುವ ಸ್ನಾಯುರಜ್ಜಿಗೆ ಹೊಲಿಗೆ ಬಿದ್ದ ಮೇಲೆ ಸುಮಾರು 6 ವಾರ ರಕ್ಷಣೆಯ ಸ್ಪ್ಲಿಂಟ್ ಇರುತ್ತದೆ, ಭಾರದ ಕೆಲಸಕ್ಕೆ 12 ವಾರ ಕಾಯಬೇಕು. ಆ ಅವಧಿಯಲ್ಲಿ ಬೆರಳನ್ನು ಎಳೆದು ನೆಟ್ಟಗೆ ಮಾಡಿದರೆ ಹೊಲಿಗೆಯೇ ಕಿತ್ತುಬರಬಹುದು. ಅವರ ಸ್ಪ್ಲಿಂಟ್ ಯಾವುದು, ಅದರೊಳಗೆ ಯಾವ ಚಲನೆ ಎಷ್ಟು ಎಂಬುದನ್ನು ಶಸ್ತ್ರಚಿಕಿತ್ಸೆ ಮಾಡಿದವರೇ ಹೇಳಬೇಕು. ಈ ಬರಹದ ಹೋಲಿಕೆ ಅವರ ಕೆಲಸಕ್ಕೆ ಬರುವುದು ಆ ಗಡುವು ದಾಟಿದ ಮೇಲೆ.

ಇನ್ನುಳಿದ ಅಳತೆಗೋಲುಗಳು ಇವು. ಬೆರಳು ನೆಟ್ಟಗಾಗುತ್ತಿಲ್ಲವೋ, ಮಡಚುತ್ತಿಲ್ಲವೋ? ಎರಡಕ್ಕೂ ಬೇರೆ ಬೇರೆ ಸಾಧನ. ಚರ್ಮದಲ್ಲಿ ಸ್ಪರ್ಶಜ್ಞಾನ ಇದೆಯೇ? ನರಕ್ಕೆ ಪೆಟ್ಟಾದವರು, ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡವರು, ಹಳೆಯ ಸಕ್ಕರೆ ಕಾಯಿಲೆಯವರು ಒತ್ತಿ ಹುಣ್ಣಾದರೂ ತಿಳಿಯದೆ ಇದ್ದುಬಿಡಬಹುದು. ನಿಮ್ಮ ಕಸುಬು ಏನು? ಕುಡುಗೋಲು, ಗುದ್ದಲಿ ಹಿಡಿಯುವವರಿಗೆ ಉಂಗುರಬೆರಳು, ಕಿರುಬೆರಳು ಪೂರ್ತಿ ಮಡಚಲೇಬೇಕು, ಹಿಡಿತದ ಬಲ ಇರುವುದೇ ಅಲ್ಲಿ. ತೋರುಬೆರಳು ಸ್ವಲ್ಪ ಕಡಿಮೆ ಮಡಚಿದರೂ ಹೆಬ್ಬೆರಳು ಹೇಗೋ ಅದನ್ನು ಮುಟ್ಟಿ ಕೆಲಸ ಸಾಗಿಸುತ್ತದೆ. ಕೊನೆಯದಾಗಿ ದುಡ್ಡು ಮತ್ತು ದಾರಿ. ಥೆರಪಿಸ್ಟರ ಊರು ಬಸ್ಸಿನಲ್ಲಿ ನಾಲ್ಕು ಗಂಟೆಯ ದೂರವಿದ್ದರೆ, ವಾರಕ್ಕೆರಡು ಸಲ ಬದಲಿಸಬೇಕಾದ ಚಿಕಿತ್ಸೆ ಎಷ್ಟೇ ಒಳ್ಳೆಯದಾದರೂ ನಿಮ್ಮದಲ್ಲ.

ಬಲವಲ್ಲ, ಹೊತ್ತು

ಎಲ್ಲ ಆಯ್ಕೆಗಳ ಹಿಂದಿರುವ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ನೆರೆಯ ತಮಿಳುನಾಡಿನ ವೆಲ್ಲೂರಿನ ಸಿ.ಎಂ.ಸಿ. (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ಆಸ್ಪತ್ರೆಗೆ 1946ರಲ್ಲಿ ಬಂದ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರಚಿಕಿತ್ಸಕರು ಕುಷ್ಠರೋಗದಿಂದ ಕೊಕ್ಕೆಯಂತೆ ಬಾಗಿದ ಕೈಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಬಾಗಿ ಸೆಟೆದ ಬೆರಳನ್ನು ಹಿಡಿದೆಳೆದರೆ ಒಳಗೆ ಹರಿದು ಊದಿಕೊಂಡು ಮತ್ತಷ್ಟು ಬಿಗಿಯುತ್ತಿತ್ತು. ತೆಳ್ಳಗಿನ ಪ್ಲಾಸ್ಟರ್ ಸುತ್ತಿ, ಕೆಲವು ದಿನಕ್ಕೊಮ್ಮೆ ತೆಗೆದು, ಇನ್ನಷ್ಟು ನೆಟ್ಟಗಾದಲ್ಲಿ ಮತ್ತೆ ಸುತ್ತಿದರೆ ಬೆರಳು ಸೋಲುತ್ತಿತ್ತು. ಅಂಗಾಂಶ ರಬ್ಬರಿನಂತೆ ಹಿಗ್ಗುವುದಿಲ್ಲ, ಮೆಲ್ಲನೆಯ ಎಳೆತ ಬಹಳ ಹೊತ್ತು ಇದ್ದರೆ ಆ ಕಡೆಗೆ ಬೆಳೆಯುತ್ತದೆ ಎಂಬುದು ಅವರು ಒತ್ತಿ ಹೇಳಿದ ಮಾತು. ಹೀರೆಬಳ್ಳಿಯನ್ನು ಚಪ್ಪರಕ್ಕೆ ತಿರುಗಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1994ರಲ್ಲಿ ಅಮೆರಿಕದ ಇಬ್ಬರು ಥೆರಪಿಸ್ಟರು ಇದನ್ನು ಅಳೆದೇ ನೋಡಿದರು. ಬಾಗಿದ ನಡುಗೆಣ್ಣಿಗೆ 3 ದಿನ ಪ್ಲಾಸ್ಟರ್ ಸುತ್ತಿದಾಗ ಸರಾಸರಿ ಸುಮಾರು 3 ಡಿಗ್ರಿ, 6 ದಿನ ಸುತ್ತಿದಾಗ 5 ಡಿಗ್ರಿಗೆ ತುಸು ಹೆಚ್ಚು ಲಾಭ ಸಿಕ್ಕಿತು. ಬೆರಳು ತನ್ನ ಮಿತಿಯ ತುದಿಯಲ್ಲಿ ಎಷ್ಟು ಗಂಟೆ ನಿಂತಿತು ಎಂಬುದೇ ಲೆಕ್ಕ. ಹಾಗಾಗಿ ದಿನಕ್ಕೆ ಅರ್ಧ ಗಂಟೆ ಯಾರೋ ಬೆವರು ಬರುವಂತೆ ತಿರುಚಿದ್ದಕ್ಕಿಂತ ರಾತ್ರಿಯಿಡೀ ತೊಟ್ಟ ಸಾದಾ ಪಟ್ಟಿ ಹೆಚ್ಚು ಕೊಟ್ಟರೆ ಅಚ್ಚರಿಯಿಲ್ಲ. ಎಣ್ಣೆ ಹಾಕಿ ಎಳೆದು "ಟಕ್" ಎನ್ನಿಸುವವರ ಕೈಗೆ ಬೆರಳು ಕೊಡಬೇಡಿ. ಚಿಕಿತ್ಸೆಯ ಮಾರನೆಯ ಬೆಳಿಗ್ಗೆ ಬೆರಳು ಹಿಂದಿನ ದಿನಕ್ಕಿಂತ ಹೆಚ್ಚು ಊದಿದ್ದರೆ ಆ ಚಿಕಿತ್ಸೆ ಅತಿಯಾಯಿತು ಎಂದೇ ಅರ್ಥ.

ಆಯ್ಕೆಗಳು

ಸ್ಪ್ಲಿಂಟೇ ಇಲ್ಲದೆ ವ್ಯಾಯಾಮ ಮಾತ್ರ: ಗಾಯವಾಗಿ ಕೆಲವೇ ವಾರವಾಗಿದ್ದು, ಬೆರಳು ದಿನದಿಂದ ದಿನಕ್ಕೆ ಬಿಟ್ಟುಕೊಡುತ್ತಿದ್ದರೆ ಇದೇ ಮೊದಲ ಆಯ್ಕೆ. ಖರ್ಚಿಲ್ಲ, ಆದರೆ ಸೋಮಾರಿಗಳಿಗಲ್ಲ. ಬೆಳಿಗ್ಗೆ ಒಮ್ಮೆ ನೂರು ಸಲ ಮಾಡುವುದಕ್ಕಿಂತ ಎಚ್ಚರವಿರುವ ಪ್ರತಿ ಗಂಟೆಗೊಮ್ಮೆ ಹತ್ತು ಸಲ ಮಾಡಬೇಕು. ಬುಡದ ಗೆಣ್ಣನ್ನು ಇನ್ನೊಂದು ಕೈಯಿಂದ ಅಲುಗದಂತೆ ಹಿಡಿದು ನಡುಗೆಣ್ಣನ್ನಷ್ಟೇ ಮಡಚಿ. ಹಾಗೆ ಹಿಡಿಯದಿದ್ದರೆ ಸಡಿಲವಾಗಿರುವ ಗೆಣ್ಣೇ ಕುಣಿದು, ಬಿಗಿದದ್ದು ಬಿಗಿದಂತೆಯೇ ಉಳಿಯುತ್ತದೆ. ಸ್ನಾಯುರಜ್ಜು ಅಂಟಿಕೊಂಡವರಿಗೂ ಮುಖ್ಯ ಮದ್ದು ಇದೇ.

ಇದರ ಜೊತೆಗೆ ಊತ ಇಳಿಸಲೇಬೇಕು. ಊದಿದ ಬೆರಳು ಎಂದರೆ ಬಿಗಿಯಾದ ಅಂಗಿ ತೊಟ್ಟು ಮೊಣಕೈ ಮಡಚಲು ಹೋದಂತೆ. ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲಿಡುವುದು, ತನಗೆ ತಾನೇ ಅಂಟುವ ಒಂದಂಗುಲದ ಪಟ್ಟಿಯನ್ನು ತುದಿಯಿಂದ ಬುಡಕ್ಕೆ ಸಡಿಲವಾಗಿ ಸುತ್ತುವುದು. ಉಗುರಿನ ತುದಿ ಹೊರಗೆ ಕಾಣುತ್ತಿರಬೇಕು. ಬಣ್ಣ ನೀಲಿಗಟ್ಟಿದರೆ, ಜೋಮು ಹಿಡಿದರೆ ಕೂಡಲೇ ಬಿಚ್ಚಿ. ಕೊರಳಿಗೆ ಹಾಕಿದ ಜೋಳಿಗೆ ಪಟ್ಟಿಯಲ್ಲಿ ಕೈಯನ್ನು ದಿನವಿಡೀ ತೂಗಿಬಿಟ್ಟು ಬರುವವರನ್ನು ಕಂಡಾಗ ನನಗೆ ಸಿಟ್ಟೇ ಬರುತ್ತದೆ. ಮುರಿದದ್ದು ಮಣಿಕಟ್ಟು, ಬೆರಳುಗಳು ಏನು ತಪ್ಪು ಮಾಡಿದ್ದವು? ಅವುಗಳ ಜೊತೆಗೆ ಭುಜವೂ ಸೇರಿ ಸೆಟೆದಿರುತ್ತದೆ.

ಪಕ್ಕದ ಬೆರಳಿಗೆ ಜೋಡಿ ಕಟ್ಟುವುದು: ನೋಯುವ ಬೆರಳನ್ನು ಪಕ್ಕದ ಗಟ್ಟಿ ಬೆರಳಿಗೆ ಟೇಪಿನಿಂದ, ಗೆಣ್ಣುಗಳನ್ನು ಬಿಟ್ಟು ಎರಡು ಕಡೆ ಕಟ್ಟುವ ಉಪಾಯ. ಅಣ್ಣ ತಮ್ಮನ ಕೈ ಹಿಡಿದು ನಡೆಸಿದಂತೆ. ಉಳುಕಿದ ನಡುಗೆಣ್ಣಿಗೆ, ಕೆಲಸ ಬಿಡಲಾಗದವರಿಗೆ ತುಂಬ ಒಳ್ಳೆಯದು. ಹಳೆಯ, ಗಟ್ಟಿ ಬಿಗಿತಕ್ಕೆ ಇದೊಂದೇ ಸಾಲದು. ಸಂದಿಯಲ್ಲಿ ಬೆವರು ನಿಲ್ಲದಂತೆ ತೆಳುವಾದ ಹತ್ತಿ ಬಟ್ಟೆ ಇಡಿ.

ಅಂಗಡಿಯ ಅಲ್ಯೂಮಿನಿಯಂ ಪಟ್ಟಿ: ಒಳಗೆ ನೀಲಿ ಸ್ಪಂಜು, ಹೊರಗೆ ಬಾಗಿಸಬಹುದಾದ ತಗಡು. ಅಗ್ಗ, ಎಲ್ಲೆಡೆ ಸಿಗುತ್ತದೆ. ಹೊಸ ಪೆಟ್ಟಿಗೆ ಕೆಲವು ದಿನ ವಿಶ್ರಾಂತಿ ಕೊಡಲು, ಇಲ್ಲವೇ ಗಳಿಸಿದ ನೆಟ್ಟಗಿನ ಭಂಗಿಯನ್ನು ರಾತ್ರಿ ಹಿಡಿದಿಡಲು ಸಾಕು. ಬಿಗಿದ ಬೆರಳನ್ನು ಸಡಿಲಿಸುವ ಶಕ್ತಿ ಇದಕ್ಕಿಲ್ಲ. ಇದರ ದೊಡ್ಡ ಅಪಾಯ ಅಗ್ಗವಾಗಿರುವುದೇ. "ಇರಲಿ, ಭದ್ರವಾಗಿರುತ್ತದೆ" ಎಂದು ಜನ ತಿಂಗಳುಗಟ್ಟಲೆ ಹಗಲೂ ತೊಟ್ಟುಕೊಳ್ಳುತ್ತಾರೆ, ಚೆನ್ನಾಗಿದ್ದ ಗೆಣ್ಣನ್ನೂ ಸೆಟೆಸಿಕೊಂಡು ಬರುತ್ತಾರೆ. ಇದಕ್ಕೆ ಒಂದೇ ಒಂದು ಅಪವಾದ ಹೇಳಿಬಿಡಬೇಕು. ಕ್ರಿಕೆಟ್ ಚೆಂಡು ಬಡಿದು ಬೆರಳಿನ ತುದಿ ಜೋತುಬಿದ್ದಿದ್ದರೆ ತುದಿಗೆಣ್ಣನ್ನು 6ರಿಂದ 8 ವಾರ ಹಗಲೂ ರಾತ್ರಿ ನೆಟ್ಟಗೆ ಇಡಲೇಬೇಕು, ಸ್ನಾನಕ್ಕೆ ಬಿಚ್ಚಿದಾಗಲೂ ಬೆರಳನ್ನು ಮೇಜಿಗೆ ಒತ್ತಿಯೇ ಇರಬೇಕು. ಒಮ್ಮೆ ಬಾಗಿದರೆ ಎಣಿಕೆ ಮೊದಲಿನಿಂದ.

ಸ್ಪ್ರಿಂಗ್ ಅಥವಾ ರಬ್ಬರ್ ಬ್ಯಾಂಡಿನ ಸ್ಪ್ಲಿಂಟ್: ಇದು ತಾನೇ ಎಳೆಯುತ್ತಿರುತ್ತದೆ, ನೀವು ಅದಕ್ಕೆ ಎದುರಾಗಿ ಮಡಚಬಹುದು. ಒಳಗೆ ಇನ್ನೂ ಪುಟಿತ ಉಳಿದಿರುವ ಬಿಗಿತಕ್ಕೆ ಇದು ಸರಿ. ಬೆರಳಿಗೆ ಬೇಕಾದ ಎಳೆತ ಸುಮಾರು 200 ಗ್ರಾಂ, ಅಂದರೆ ಒಂದು ಸಣ್ಣ ಪೊಟ್ಟಣ ಸಕ್ಕರೆಯ ಭಾರ, ಅಷ್ಟೇ. ತೊಟ್ಟಾಗ ಚರ್ಮ ಬೆಳ್ಳಗಾಗಿ ಅಲ್ಲೇ ನಿಂತರೆ ಎಳೆತ ಹೆಚ್ಚಾಯಿತು. ಆನ್‌ಲೈನಿನಲ್ಲಿ ತರಿಸಿದವುಗಳಲ್ಲಿ ನನಗೆ ಕಾಣುವ ತೊಂದರೆ ಅಳತೆಯದು. ಸ್ಪ್ರಿಂಗಿನ ಸುರುಳಿ ಗೆಣ್ಣಿನ ಪಕ್ಕಕ್ಕೆ ಸರಿಯಾಗಿ ಕೂರಬೇಕು, ಅರ್ಧ ಅಂಗುಲ ಹಿಂದೆ ಮುಂದೆ ಆದರೆ ಎಳೆತವೆಲ್ಲ ಚರ್ಮಕ್ಕೆ. ಹಗಲು ಕಂತುಕಂತಾಗಿ ತೊಡಲು ಚೆಂದ. ನಿದ್ದೆಯಲ್ಲಿ ಕಿರಿಕಿರಿಯಾಗಿ ಜನ ಕಿತ್ತೆಸೆಯುತ್ತಾರೆ.

ಹಂತಹಂತವಾಗಿ ಬಿಗಿಸುವ ಸ್ಪ್ಲಿಂಟ್: ಇಲ್ಲಿ ರಬ್ಬರ್ ಇಲ್ಲ. ವೆಲ್ಕ್ರೋ ಪಟ್ಟಿ ಅಥವಾ ತಿರುಪಿನಿಂದ ಬೆರಳನ್ನು ಅದರ ಮಿತಿಯ ತುದಿಯವರೆಗೆ ತಂದು ನಿಲ್ಲಿಸುತ್ತೀರಿ. ಬೆರಳು ಒಗ್ಗಿದ ಮೇಲೆ ಇನ್ನೊಂದು ಕೂದಲೆಳೆಯಷ್ಟು ಬಿಗಿಸುತ್ತೀರಿ. ಗಟ್ಟಿ ಬಿಗಿತಕ್ಕೆ, ಮುಖ್ಯವಾಗಿ ಮಡಚಲಾಗದ ಬೆರಳಿಗೆ, ನನ್ನ ಮೊದಲ ಆಯ್ಕೆ ಇದು. ಎಷ್ಟು ಬಿಗಿಸಬೇಕು ಎಂಬುದು ನಿಮ್ಮ ಕೈಯಲ್ಲೇ ಇರುವುದರಿಂದ ನೋವು ಸಹಿಸುವುದು ಸುಲಭ. ನೋವೇ ಚಿಕಿತ್ಸೆ ಎಂದು ನಂಬಿದ ಗಟ್ಟಿಗರಿಗೆ ಮಾತ್ರ ಕೊಡಲು ಹೆದರುತ್ತೇನೆ.

ಇಂಥವನ್ನು ಸಾಮಾನ್ಯವಾಗಿ ನಿಮ್ಮ ಕೈಯ ಮೇಲೆಯೇ ರೂಪಿಸುತ್ತೇವೆ. ಸುಮಾರು 65ರಿಂದ 70 ಡಿಗ್ರಿ ಬಿಸಿಯ ನೀರಿನ ತಟ್ಟೆಗೆ ಪ್ಲಾಸ್ಟಿಕ್ ಹಾಳೆ ಹಾಕಿದರೆ ನಿಮಿಷದಲ್ಲಿ ನೀರುದೋಸೆಯಂತೆ ಮೆತ್ತಗಾಗುತ್ತದೆ. ಬಟ್ಟೆಯಲ್ಲಿ ಒರೆಸಿ, ಬಿಸಿ ಹದವಾಯಿತೇ ಎಂದು ನನ್ನ ಮುಂಗೈಗೆ ತಾಗಿಸಿ, ನಿಮ್ಮ ಕೈಗೆ ಹಾಸಿ, ಮೂರ್ನಾಲ್ಕು ನಿಮಿಷ ಅಲುಗದೆ ಹಿಡಿದಿದ್ದರೆ ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಸ್ಪ್ಲಿಂಟನ್ನು ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟವರು ಸಂಜೆ ಬಾಳೆಸಿಪ್ಪೆಯಂಥದ್ದನ್ನು ತೆಗೆದುಕೊಂಡು ಬರುತ್ತಾರೆ. ಅಂಗಡಿಯ ಪಟ್ಟಿ ನೂರರ ಲೆಕ್ಕದಲ್ಲಿದ್ದರೆ ಇದು ಖಾಸಗಿಯಲ್ಲಿ ಸಾವಿರದ ಲೆಕ್ಕ. ಬೆರಳು ಸುಧಾರಿಸಿದಂತೆ ಅದೇ ಹಾಳೆಯನ್ನು ಮತ್ತೆ ಬಿಸಿಮಾಡಿ ತಿದ್ದಬಹುದು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಇ.ಎಸ್.ಐ. (ನೌಕರರ ವಿಮೆ) ಇರುವ ಕಾರ್ಖಾನೆ ಕೆಲಸಗಾರರು ಕೈಯಿಂದ ಹಣ ಹಾಕುವ ಮೊದಲು ತಮ್ಮ ಆಸ್ಪತ್ರೆಯಲ್ಲಿ ಕೇಳಬೇಕು.

ಸರಣಿ ಪ್ಲಾಸ್ಟರ್: ವೆಲ್ಲೂರಿನ ಆ ಹಳೆಯ ಉಪಾಯ. ನೆಟ್ಟಗಾಗದ ನಡುಗೆಣ್ಣಿಗೆ ಇವತ್ತಿಗೂ ಇದಕ್ಕೆ ಸಾಟಿಯಿಲ್ಲ ಎಂಬುದು ನನ್ನ ಅಭಿಪ್ರಾಯ. ಸಾಮಗ್ರಿ ಬಲು ಅಗ್ಗ, ಮರೆತು ಬಿಚ್ಚಿಡುವ ಪ್ರಶ್ನೆಯೇ ಇಲ್ಲ, ಇಪ್ಪತ್ನಾಲ್ಕು ಗಂಟೆಯೂ ಬೆರಳು ಕೆಲಸದಲ್ಲಿರುತ್ತದೆ. ದುಬಾರಿಯಾಗುವುದು ಓಡಾಟ: ಮೂರರಿಂದ ಆರು ದಿನಕ್ಕೊಮ್ಮೆ ಬದಲಿಸಬೇಕು, ನೀರು ತಾಗಬಾರದು. ಪಾತ್ರೆ ತೊಳೆಯುವವರಿಗೆ, ಗದ್ದೆಗೆ ಇಳಿಯುವವರಿಗೆ ಕಷ್ಟ. ನೆಟ್ಟಗಾಗುವ ಭರದಲ್ಲಿ ಮಡಚುವುದನ್ನು ಕಳೆದುಕೊಳ್ಳುವ ಭಯವೂ ಇದೆ, ಆದ್ದರಿಂದ ಬದಲಿಸುವಾಗಲೆಲ್ಲ ಮಡಚಿಸಿ ನೋಡಬೇಕು. ಸ್ಪರ್ಶವಿಲ್ಲದ ಬೆರಳಿಗೆ ಇದನ್ನು ಪಳಗಿದ ಕೈಯೇ ಸುತ್ತಬೇಕು.

ಮೇಣದ ಚಿಕಿತ್ಸೆ, ಬಿಸಿನೀರು: ಇವು ಅಡುಗೆಗೆ ಒಗ್ಗರಣೆ ಇದ್ದಂತೆ, ಅದನ್ನೇ ಉಣ್ಣಲಾಗುವುದಿಲ್ಲ. ಬಿಸಿಯಾದ ಮೇಲೆ ಕೂಡಲೇ ವ್ಯಾಯಾಮ ಮಾಡಿ, ಸ್ಪ್ಲಿಂಟ್ ತೊಟ್ಟರೆ ಉಪಯೋಗ. ಊತವಿರುವಾಗ ಬಿಸಿ ಅದನ್ನು ಹೆಚ್ಚಿಸಬಹುದು. ಹಸಿ ಗಾಯಕ್ಕೂ ಜೋಮು ಹಿಡಿದ ಕೈಗೂ ಬೇಡ.

ಯಾವುದು ಎಂದು ಗೊತ್ತಾಗದಿದ್ದರೆ

ನಾವು ಬಳಸುವ ಒಂದು ಪರೀಕ್ಷೆಯಿದೆ. ತಣ್ಣಗಿರುವಾಗ ಗೆಣ್ಣಿನ ಕೋನ ಅಳೆಯುತ್ತೇವೆ. ಸುಮಾರು 20 ನಿಮಿಷ ಬಿಸಿ ಮತ್ತು ವ್ಯಾಯಾಮ, ಆಮೇಲೆ 10 ನಿಮಿಷ ಬೆರಳನ್ನು ಅದರ ಮಿತಿಯ ತುದಿಯಲ್ಲಿ ಮೆಲ್ಲಗೆ ಹಿಡಿದಿಡುವುದು, ಮತ್ತೆ ಅಳತೆ. 20 ಡಿಗ್ರಿ ಸುಧಾರಿಸಿದರೆ ಸ್ಪ್ಲಿಂಟ್ ಬೇಡ, ವ್ಯಾಯಾಮ ಸಾಕು. 15 ಆದರೆ ಎಳೆಯದೆ ಸುಮ್ಮನೆ ಹಿಡಿದಿಡುವ ಸಾದಾ ಸ್ಪ್ಲಿಂಟ್, 10 ಆದರೆ ಸ್ಪ್ರಿಂಗಿನದು, 5 ಅಥವಾ ಅದಕ್ಕಿಂತ ಕಡಿಮೆಯಾದರೆ ಹಂತಹಂತವಾಗಿ ಬಿಗಿಸುವುದು. ಕೋನಮಾಪಕವಿಲ್ಲದೆ ಮನೆಯಲ್ಲಿ ಇಷ್ಟು ಖಚಿತವಾಗಿ ಮಾಡಲಾಗದು, ಆದರೆ ಬಿಸಿನೀರಿನ ನಂತರ ಬೆರಳು ಎಷ್ಟು ಬಿಟ್ಟುಕೊಡುತ್ತದೆ ಎಂಬುದು ನಿಮಗೂ ಕಾಣುತ್ತದೆ. ಒಮ್ಮೆಯಾದರೂ ಥೆರಪಿಸ್ಟರ ಬಳಿ ಈ ಅಳತೆ ಮಾಡಿಸಿಕೊಳ್ಳುವುದು ಕುರುಡಾಗಿ ಎರಡು ಸ್ಪ್ಲಿಂಟ್ ಕೊಳ್ಳುವುದಕ್ಕಿಂತ ಅಗ್ಗ.

ಇನ್ನು ನಾನು ಮಾಡುವ ಆಯ್ಕೆಗಳು. ದರ್ಜಿಯೊಬ್ಬರಿಗೆ ನಡುಬೆರಳು ಬಾಗಿ ಸೆಟೆದಿತ್ತು. ಪ್ಲಾಸ್ಟರ್ ಸುತ್ತಿದರೆ ಕತ್ತರಿ ಹಿಡಿಯುವುದು ಹೇಗೆ ಎಂದರು. ಮದುವೆ ಸೀಸನ್ ಮುಗಿಯುವವರೆಗೆ ರಾತ್ರಿ ಬಿಗಿಸುವ ಸ್ಪ್ಲಿಂಟ್ ಕೊಟ್ಟು, ಆಷಾಢದಲ್ಲಿ ಅಂಗಡಿ ಖಾಲಿಯಿದ್ದಾಗ ಮೂರು ವಾರ ಪ್ಲಾಸ್ಟರ್ ಸುತ್ತಿದೆ. ಅಡಿಕೆ ಸುಲಿಯುವ ಹೆಂಗಸಿಗೆ, ದೂರದ ಊರಿನವರು, ಸ್ಪ್ರಿಂಗೂ ಪ್ಲಾಸ್ಟರೂ ಎರಡೂ ಹೊಂದುವುದಿಲ್ಲ. ಹಗಲು ಜೋಡಿ ಕಟ್ಟು, ರಾತ್ರಿಗೆ ಅಳತೆಯ ಸ್ಪ್ಲಿಂಟ್, ಹದಿನೈದು ದಿನಕ್ಕೊಮ್ಮೆ ವಿಡಿಯೊ ಕರೆ. ಕಂಪ್ಯೂಟರಿನ ಮುಂದೆ ಕೂರುವವರು ಹಗಲು ಎರಡು ಮೂರು ಸಲ ಅರ್ಧರ್ಧ ಗಂಟೆ ತೊಡಬಲ್ಲರು, ಅವರಿಗೆ ಸ್ಪ್ರಿಂಗಿನದ್ದೂ ಆದೀತು. ಮಣಿಕಟ್ಟು ಮುರಿದು ಐದೂ ಬೆರಳು ಸೆಟೆದ ಅಜ್ಜಿಗೆ ಬೆರಳಿಗೊಂದು ಸ್ಪ್ಲಿಂಟ್ ಕೊಡುವುದು ಹುಚ್ಚುತನ. ಊತ ಇಳಿಸಿ, ಚಪಾತಿ ಹಿಟ್ಟು ನಾದಿಸಿ, ಒದ್ದೆ ಬಟ್ಟೆ ಹಿಂಡಿಸಿದರೆ ಅರ್ಧ ದಾರಿ ಕಳೆದಂತೆ. ಅವರ ಕೈಗೆ ಕೆಲಸ ಬೇಡ ಎಂದು ಸೊಸೆಯಂದಿರು ಕಸಿದುಕೊಳ್ಳುತ್ತಾರೆ, ಅವರ ಮನವೊಲಿಸುವುದೇ ನನ್ನ ಚಿಕಿತ್ಸೆ.

ಸ್ಪ್ಲಿಂಟಿನ ಯೋಚನೆಯನ್ನೇ ಬದಿಗಿಟ್ಟು ಡಾಕ್ಟರ ಬಳಿ ಹೋಗಬೇಕಾದ ಸಂದರ್ಭವೂ ಇದೆ. ಗಾಯಕ್ಕೆ ಹೊಂದದಷ್ಟು ಉರಿನೋವು, ಮುಟ್ಟಿದರೆ ಕಿರುಚುವಂತಾಗುವುದು, ಚರ್ಮ ಹೊಳೆಯುವುದು, ಬಣ್ಣ ಮತ್ತು ಬೆವರು ಇನ್ನೊಂದು ಕೈಗಿಂತ ಬೇರೆಯಾಗುವುದು. ಈ ನೋವಿನ ಕಾಯಿಲೆಗೆ ಎಷ್ಟು ಬೇಗ ಚಿಕಿತ್ಸೆ ಶುರುವಾದರೆ ಅಷ್ಟು ಒಳ್ಳೆಯದು, ಎಳೆದರೆ ಕೆರಳುತ್ತದೆ. ಅಂಟು ಬಿಡಿಸುವ ಶಸ್ತ್ರಚಿಕಿತ್ಸೆಗೆ ಅವಸರ ಬೇಡ. ಗಾಯದ ಕಲೆ ಮೆತ್ತಗಾಗಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಕಾಯುತ್ತಾರೆ, ಅದಾದ ಮರುದಿನದಿಂದಲೇ ಮತ್ತೆ ಇದೇ ವ್ಯಾಯಾಮ, ಇದೇ ಸ್ಪ್ಲಿಂಟ್. ಅಂಥ ಹಂತಕ್ಕೆ ಬಂದವರು ಕೈ ಶಸ್ತ್ರಚಿಕಿತ್ಸೆ, ಕೈ ಥೆರಪಿ ಎರಡೂ ಒಂದೇ ಸೂರಿನಡಿ ಇರುವಲ್ಲಿಗೆ ಹೋಗುವುದು ಲೇಸು. ವೆಲ್ಲೂರಿನ ಸಿ.ಎಂ.ಸಿ., ಕೊಯಮತ್ತೂರಿನ ಗಂಗಾ ಆಸ್ಪತ್ರೆ ಇದಕ್ಕೆ ಹೆಸರಾದವು.

ಯಾವುದನ್ನೇ ಆರಿಸಿದರೂ ಅಳತೆ ಬರೆದಿಡಿ. ಶಾಲೆಯ ಸ್ಕೇಲು ಸಾಕು: ಮುಷ್ಟಿ ಹಿಡಿದಾಗ ಬೆರಳ ತುದಿಗೂ ಅಂಗೈಯಲ್ಲಿ ಬೆರಳುಗಳ ಬುಡಕ್ಕೆ ಹತ್ತಿರದ ಅಡ್ಡಗೆರೆಗೂ ಎಷ್ಟು ಸೆಂಟಿಮೀಟರ್? ನೆಟ್ಟಗಾಗದ ಬೆರಳಾದರೆ ಕೈಯ ಪಕ್ಕ ಹಾಳೆಗೆ ತಾಗುವಂತೆ ಇಟ್ಟು ಬೆರಳ ಬೆನ್ನಿನ ಗೆರೆಯನ್ನು ಪೆನ್ಸಿಲಿನಲ್ಲಿ ಎಳೆದು ತಾರೀಕು ಹಾಕಿ. ವಾರಕ್ಕೊಮ್ಮೆ, ಅದೇ ಹೊತ್ತಿಗೆ. ಬೆಳಿಗ್ಗೆ ಬೆರಳು ಹೆಚ್ಚು ಬಿಗಿದಿರುವುದರಿಂದ ಬೆಳಿಗ್ಗೆಯ ಅಳತೆಯನ್ನು ಸಂಜೆಯದಕ್ಕೆ ಹೋಲಿಸಬೇಡಿ. ಹೇಳಿದಷ್ಟು ಗಂಟೆ ತೊಟ್ಟೂ ಮೂರು ವಾರದಲ್ಲಿ ಗೆರೆ ಕದಲದಿದ್ದರೆ ಆ ಹಾಳೆಯನ್ನೇ ಮಡಚಿಕೊಂಡು ಥೆರಪಿಸ್ಟರ ಬಳಿ ಹೋಗಿ. ಎರಡು ಗಂಟೆ ಮಾತ್ರ ತೊಟ್ಟಿದ್ದರೆ ಅದನ್ನೂ ಬರೆದಿರಿ. ಆಗ ಬದಲಿಸಬೇಕಾದದ್ದು ಸ್ಪ್ಲಿಂಟೋ, ಅದನ್ನು ತೊಡುವ ಹೊತ್ತೋ ಎಂಬುದು ನಮಗಿಬ್ಬರಿಗೂ ಒಂದೇ ನೋಟಕ್ಕೆ ತಿಳಿಯುತ್ತದೆ.